ಬಾನಾ ಬೆಟ್ಟದಲ್ಲಿ ಒಂದು ದಿನ: ಮಂಜು, ಮಂಡಿನೋವು, ಮಕ್ಕಳು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಸಮಗ್ರ ಮಾರ್ಗದರ್ಶಿ

ಎರಡು ದೈತ್ಯ ಕೈಗಳು ಬಂಗಾರದ ಬಣ್ಣದ ಸೇತುವೆಯೊಂದನ್ನು ಎತ್ತಿ ಹಿಡಿದಿರುವ ಫೋಟೋ ನೀವೂ ನೋಡಿರುತ್ತೀರಿ. ಈಚೆಗೆ ಶಿರಸಿ ಸೀಮೆಯಲ್ಲಿ ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ವಿಯೆಟ್ನಾಂ ಮಾತು ಬರುತ್ತದೆ. ಯಾರದೋ ಮಗ ಹೋಗಿಬಂದ, ಯಾರದೋ ತಂಗಿ ಟಿಕೆಟ್ ಮಾಡಿಸಿದಳು ಎಂದು. ಆ ಸೇತುವೆ ಇರುವುದು ಮಧ್ಯ ವಿಯೆಟ್ನಾಮಿನ ಡನಾಂಗ್ ನಗರದ ಪಕ್ಕದ ಬಾನಾ ಬೆಟ್ಟದ ಮೇಲೆ. ಬೆಟ್ಟದ ತಲೆಯ ಮೇಲೆಯೇ ಹೋಟೆಲು, ಉದ್ಯಾನ, ಪಗೋಡ, ಮಕ್ಕಳ ಆಟದ ಪಾರ್ಕು ಎಲ್ಲ ಇದೆ. ಹೆಚ್ಚಿನವರು ಡನಾಂಗಿನಲ್ಲಿ ಉಳಿದು, ಬೆಳಗ್ಗೆ ಹತ್ತಿ ಸಂಜೆ ಇಳಿಯುತ್ತಾರೆ.

ನಾವು ಹೋದದ್ದು ನಾಲ್ಕು ಜನ. ಮಂಡಿನೋವಿನ ಆಯಿ (ನನ್ನ ಅಮ್ಮ), ಎಂಟು ವರ್ಷದ ಮಗಳು, ನಾನು, ನನ್ನ ಹೆಂಡತಿ. ಹೋಗುವ ಮುಂಚೆ ಎಷ್ಟು ಹುಡುಕಿದರೂ ನಮ್ಮಂಥವರಿಗೆ ಬೇಕಾದ ವಿವರ ಒಂದೇ ಕಡೆ ಸಿಗಲಿಲ್ಲ. ಮುದುಕರು ಎಷ್ಟು ನಡೆಯಬೇಕಾಗುತ್ತದೆ, ಸಸ್ಯಾಹಾರಿಗಳು ಏನು ತಿನ್ನಬೇಕು, ಮಂಜು ಬಂದರೆ ದುಡ್ಡು ದಂಡವೇ ಎಂಬಂಥ ಪ್ರಶ್ನೆಗಳಿಗೆ ಉತ್ತರ ಬರೆದವರಿಲ್ಲ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಬಾನಾ ಬೆಟ್ಟದಲ್ಲಿ ಜಾಗಗಳ ಪಟ್ಟಿ ಹಿಡಿದು ಓಡಬೇಡಿ. ಆಕಾಶ ತೆರೆದಾಗ ಹೊರಗಿನದು ನೋಡಿ, ಮಂಜು ಕವಿದ ಕೂಡಲೇ ಒಳಗೆ ಹೊಕ್ಕು ಆಟ, ಊಟ ಮುಗಿಸಿ. ಆಷಾಢದಲ್ಲಿ ದೇವಿಮನೆ ಘಟ್ಟ ಹತ್ತಿ ಇಳಿದವರಿಗೆ ಮಂಜಿನ ಸ್ವಭಾವ ಹೇಳಿಕೊಡಬೇಕಾಗಿಲ್ಲ. ಅದು ಬಂದ ಹಾಗೆಯೇ ಹೋಗುತ್ತದೆ, ನಾವು ಕಾಯಬೇಕು ಅಷ್ಟೇ.

ಬೆಟ್ಟದ ಗುರುತು

ಬಾನಾದ ತುದಿ ಸಮುದ್ರಮಟ್ಟದಿಂದ 1,487 ಮೀಟರ್. ನಮ್ಮ ಶಿರಸಿ 600 ಮೀಟರಿನ ಆಸುಪಾಸು ಎಂದುಕೊಂಡರೆ ಅದರ ಎರಡೂವರೆ ಪಟ್ಟು. ಡನಾಂಗ್ ಕಡಲತೀರದ ಊರು, ಕಾರವಾರದ ಹಾಗೆ ಬೆನ್ನಿಗೇ ಬೆಟ್ಟ. ಹಾಗಾಗಿ ಕೆಳಗೆ ಬೆವರು ಸುರಿಯುತ್ತಿದ್ದರೆ ಮೇಲೆ ಸ್ವೆಟರ್ ಬೇಕು.

ಇದನ್ನು ಮೊದಲು ವಿಹಾರಧಾಮ ಮಾಡಿದವರು ಫ್ರೆಂಚರು. ನಮ್ಮಲ್ಲಿ ಬ್ರಿಟಿಷರು ಸೆಕೆ ತಾಳಲಾರದೆ ಊಟಿ ಕಟ್ಟಿಕೊಂಡ ಹಾಗೆ, ಅವರು 1919ರಲ್ಲಿ ಇಲ್ಲಿ ಮನೆ ಕಟ್ಟಲು ಶುರುಮಾಡಿದರು. ಯುದ್ಧಗಳ ಕಾಲದಲ್ಲಿ ಎಲ್ಲವೂ ಹಾಳುಬಿದ್ದು ಕಾಡು ನುಂಗಿತು. ಈಗ ಕಾಣುವುದೆಲ್ಲ ಹೊಸ ಕಟ್ಟಡ. ಮೊದಲ ಕೇಬಲ್ ಕಾರ್ ಬಂದದ್ದು 2009ರಲ್ಲಿ. ಕೈಗಳ ಸೇತುವೆ ತೆರೆದದ್ದು 2018ರ ಜೂನ್‌ನಲ್ಲಿ. ಆದ್ದರಿಂದ ‘ಹಳೇ ಫ್ರೆಂಚ್ ಊರು ನೋಡುತ್ತೇವೆ’ ಎಂದುಕೊಂಡು ಹೋದರೆ ನಿರಾಸೆಯಾದೀತು. ಮಕ್ಕಳಿಗೆಂದು ಕಟ್ಟಿದ ಕಥೆಯ ಊರು ಅಂದುಕೊಂಡು ಹೋಗಿ, ಖುಷಿಯಾಗುತ್ತದೆ.

ಹೆಸರಿನ ಬಗ್ಗೆ ಎರಡು ಮಾತಿದೆ. ಫ್ರೆಂಚರು ಇಲ್ಲಿ ಬಾಳೆ ಕಂಡು ಬಾಳೆಯ ಹೆಸರಿಟ್ಟರು ಎಂಬುದೊಂದು. ಈ ಸೀಮೆಯನ್ನು ಆಳುತ್ತಿದ್ದ ಚಾಮ್ ಜನರ ದೇವಿ ಪೊನಗರಳ ಹೆಸರೇ ಸವೆದು ‘ಬಾನಾ’ ಆಯಿತು ಎಂಬುದು ಇನ್ನೊಂದು. ಆಯಿಗೆ ಎರಡನೆಯದೇ ಸರಿ ಕಂಡಿತು.

ಯಾವ ತಿಂಗಳು

ನಮ್ಮ ಮಳೆಗಾಲವನ್ನೂ ಅವರ ಮಳೆಗಾಲವನ್ನೂ ಒಂದೇ ಎಂದು ತಿಳಿಯಬೇಡಿ. ನಮ್ಮಲ್ಲಿ ಜೂನ್‌ನಿಂದ ಸುರಿದರೆ ಡನಾಂಗಿನಲ್ಲಿ ಮಳೆ ಸೆಪ್ಟೆಂಬರ್‌ನಿಂದ ಡಿಸೆಂಬರ್, ಅದರಲ್ಲೂ ಅಕ್ಟೋಬರ್-ನವೆಂಬರ್ ಜೋರು. ದಸರಾ ರಜೆ, ದೀಪಾವಳಿ ರಜೆಗೆ ಟಿಕೆಟ್ ಮಾಡಿಸುವವರು ಇದೊಂದನ್ನು ಗಮನಿಸಲೇಬೇಕು. ಚಂಡಮಾರುತದ ಕಾಲವೂ ಅದೇ.

ಅಡಿಕೆ ತೋಟದವರಿಗೆ ಒಳ್ಳೆಯ ಸುದ್ದಿ ಎಂದರೆ, ಕೊನೆಕೊಯ್ಲು ಮುಗಿದು ಕೈ ಖಾಲಿಯಾಗುವ ಮಾರ್ಚ್-ಏಪ್ರಿಲ್ ಹೊತ್ತಿಗೇ ಅಲ್ಲಿ ಹವೆ ಚೆನ್ನಾಗಿರುತ್ತದೆ. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಹೊರಟರೆ ಎರಡೂ ಹೊಂದುತ್ತದೆ. ಮೇ ತಿಂಗಳೂ ಆದೀತು, ಕೆಳಗೆ ಸೆಕೆ ಇರುತ್ತದೆ. ಎರಡು ಸಮಯ ಮಾತ್ರ ಬಿಟ್ಟುಬಿಡಿ. ಒಂದು, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಅವರ ಹೊಸವರ್ಷ ‘ತೆತ್’. ಇನ್ನೊಂದು ಏಪ್ರಿಲ್ 30 ಮತ್ತು ಮೇ 1ರ ಸಾಲು ರಜೆ. ಆಗ ಇಡೀ ವಿಯೆಟ್ನಾಂ ಪ್ರವಾಸ ಹೊರಡುತ್ತದೆ. ಶನಿವಾರ-ಭಾನುವಾರ ಬಿಟ್ಟು ವಾರದ ನಡುವಿನ ದಿನ ಬೆಟ್ಟಕ್ಕೆ ಇಟ್ಟುಕೊಂಡರೆ ಸಾಲು ಅರ್ಧಕ್ಕಿಳಿಯುತ್ತದೆ.

ಇನ್ನೊಂದು ಕಿವಿಮಾತು. ಡನಾಂಗಿನಲ್ಲಿ ಕನಿಷ್ಠ ಮೂರು ರಾತ್ರಿ ಉಳಿಯಿರಿ, ಬೆಟ್ಟದ ದಿನವನ್ನು ಮೊದಲೇ ಕಟ್ಟಿಹಾಕಬೇಡಿ. ಹಿಂದಿನ ಸಂಜೆ ಹವಾಮಾನ ನೋಡಿ ‘ನಾಳೆ’ ಎಂದು ನಿರ್ಧರಿಸಿ. ನಾವು ಮೊದಲ ದಿನಕ್ಕೆ ಯೋಚಿಸಿದ್ದನ್ನು ಮೂರನೆಯ ದಿನಕ್ಕೆ ದೂಡಿದೆವು. ಆ ಮೊದಲ ದಿನ ಹೋಗಿದ್ದರೆ ಬಿಳಿ ಗೋಡೆ ನೋಡಿ ಬರುತ್ತಿದ್ದೆವು.

ವೀಸಾ ಮತ್ತು ನಮ್ಮ ಹೆಸರುಗಳ ಸಮಸ್ಯೆ

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 2023ರ ಆಗಸ್ಟ್‌ನಿಂದ 90 ದಿನದ ತನಕ ಕೊಡುತ್ತಾರೆ. ವಿಯೆಟ್ನಾಂ ಸರ್ಕಾರದ್ದೇ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅದೇ ಹೆಸರಿನಂತೆ ಕಾಣುವ ಖಾಸಗಿ ತಾಣಗಳು ಬೇಕಾದಷ್ಟಿವೆ, ಅವು ಎರಡು-ಮೂರು ಪಟ್ಟು ಕೀಳುತ್ತವೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ಕೆಲಸ ಮೂರು ದಿನದಲ್ಲಿ ಆಗುತ್ತದೆ ಎನ್ನುತ್ತಾರೆ, ನೀವು ಎರಡು ವಾರ ಇಟ್ಟುಕೊಳ್ಳಿ.

ನಮ್ಮವರು ಎಡವುವುದು ಹೆಸರಿನಲ್ಲಿ. ಒಬ್ಬರ ಪಾಸ್‌ಪೋರ್ಟಿನಲ್ಲಿ ಹೆಗಡೆ, ಭಟ್ಟ, ನಾಯ್ಕ, ಗೌಡ ಎಂದು ಅಡ್ಡಹೆಸರಿರುತ್ತದೆ, ಇನ್ನೊಬ್ಬರದರಲ್ಲಿ ಆ ಜಾಗ ಖಾಲಿ ಇದ್ದು ಅಪ್ಪನ ಹೆಸರು, ಊರಿನ ಹೆಸರೆಲ್ಲ ಒಂದೇ ಸಾಲಿನಲ್ಲಿರುತ್ತದೆ. ಆಯಿಯ ಅರ್ಜಿಯನ್ನು ನಾವು ಏಜೆಂಟರೊಬ್ಬರ ಕೈಗೆ ಕೊಟ್ಟಿದ್ದೆವು. ಬಂದ ವೀಸಾದಲ್ಲಿ ಅಪ್ಪಯ್ಯನ ಹೆಸರೇ ಬಿಟ್ಟುಹೋಗಿತ್ತು. ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ, ಹೊಸ ಅರ್ಜಿಗೆ ಮತ್ತೆ 25 ಡಾಲರ್ ಕಟ್ಟಿ, ಹೊರಡುವ ನಾಲ್ಕು ದಿನದ ಮುಂಚೆ ಕೈಗೆ ಸಿಕ್ಕಿತು. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಆದ್ದರಿಂದ ಅರ್ಜಿ ನೀವೇ ತುಂಬಿ. ಪಾಸ್‌ಪೋರ್ಟಿನ ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳ ಜತೆ ಎರಡು ಸಾಲು ಇರುತ್ತದಲ್ಲ, ಅಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮ, ಅದೇ ಅಕ್ಷರ. ವೀಸಾ ಬಂದಮೇಲೆ ಪಾಸ್‌ಪೋರ್ಟ್ ಪಕ್ಕ ಇಟ್ಟು ಇಬ್ಬರು ಓದಿ ತಾಳೆ ನೋಡಿ.

ಊರಿನಿಂದ ಡನಾಂಗ್‌ಗೆ

ಶಿರಸಿ ಕಡೆಯವರು ರಾತ್ರಿ ಬಸ್ಸಿಗೆ ಬೆಂಗಳೂರು, ಕರಾವಳಿಯವರು ಪಂಚಗಂಗಾ ಎಕ್ಸ್‌ಪ್ರೆಸ್. ಬೆಂಗಳೂರಿನಿಂದ ಹೊ ಚಿ ಮಿನ್ ಸಿಟಿಗೆ ಹೋಗಿ ಅಲ್ಲಿಂದ ದೇಶದೊಳಗಿನ ವಿಮಾನ ಹಿಡಿಯಬಹುದು, ಅಥವಾ ಬ್ಯಾಂಕಾಕ್, ಕ್ವಾಲಾಲಂಪುರ, ಸಿಂಗಾಪುರದ ಮೂಲಕ ಹೋಗಬಹುದು. ವಯಸ್ಸಾದವರಿದ್ದರೆ ಎರಡು ವಿಮಾನಗಳ ನಡುವೆ ನಾಲ್ಕು ತಾಸಾದರೂ ಇರಲಿ, ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ಅದಕ್ಕೆ ಬೇರೆ ದುಡ್ಡಿಲ್ಲ, ಸಾಲು ನಿಲ್ಲುವುದೂ ತಪ್ಪುತ್ತದೆ. ಆಯಿ ಮೊದಲು ‘ನಂಗೆಂಥಾ ಆಜು, ನಡೀತಿ’ ಎಂದು ಮುನಿಸಿಕೊಂಡಿದ್ದಳು. ಬರುವಾಗ ಅವಳೇ ಕೇಳಿದಳು.

ಅಲ್ಲಿ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ. ಬೆಟ್ಟದ ದಿನ ಬೆಳಗ್ಗೆ ಐದೂವರೆಗೆ ಏಳುವುದೆಂದರೆ ನಮ್ಮ ಮೈಗೆ ಅದು ನಾಲ್ಕು ಗಂಟೆ. ಹಿಂದಿನ ರಾತ್ರಿ ಬೇಗ ಮಲಗಿಸಿ.

ನೋಟು ಎಣಿಸುವ ಬಗೆ

ಅಲ್ಲಿನ ದುಡ್ಡು ಡಾಂಗ್. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಬರುತ್ತದೆ. ಮನಸ್ಸಲ್ಲೇ ಲೆಕ್ಕ ಹಾಕುವುದಕ್ಕೆ ಒಂದು ಉಪಾಯ: ಕೊನೆಯ ಎರಡು ಸೊನ್ನೆ ಅಳಿಸಿ ಮೂರರಿಂದ ಭಾಗಿಸಿ. 90,000 ಡಾಂಗ್ ಎಂದರೆ 900, ಅದರ ಮೂರನೇ ಒಂದು ಪಾಲು 300 ರೂಪಾಯಿ. ಮಗಳು ಅರ್ಧ ದಿನದಲ್ಲಿ ಇದರಲ್ಲಿ ನಮಗಿಂತ ಚುರುಕಾದಳು.

ಎಚ್ಚರಿಕೆ ಬೇಕಾದದ್ದು ನೋಟಿನ ಬಣ್ಣದಲ್ಲಿ. 20,000ದ ನೋಟೂ ನೀಲಿ, 5,00,000ದ್ದೂ ನೀಲಿಹಸಿರು. ಎರಡೂ ಪ್ಲಾಸ್ಟಿಕ್ ನೋಟು, ಎರಡರಲ್ಲೂ ಹೊ ಚಿ ಮಿನ್ ಮುಖ. ಮಬ್ಬು ಬೆಳಕಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಸುಮಾರು 65 ರೂಪಾಯಿ ಕೊಡುವ ಕಡೆ 1,600 ರೂಪಾಯಿ ಹೋಗುತ್ತದೆ. ದೊಡ್ಡ ನೋಟನ್ನು ಪರ್ಸಿನ ಬೇರೆ ಖಾನೆಯಲ್ಲೇ ಇಡಿ.

ಟಿಕೆಟ್

ಬೆಟ್ಟದ ಟಿಕೆಟ್ ದೊಡ್ಡವರಿಗೆ ಒಂಬತ್ತು-ಹತ್ತು ಲಕ್ಷ ಡಾಂಗ್, ಅಂದರೆ ಮೂರು ಸಾವಿರ ರೂಪಾಯಿ ಮೇಲೆ. ದರ ಆಗಾಗ ಏರುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಮಕ್ಕಳ ದರ ವಯಸ್ಸಿನ ಮೇಲಿಲ್ಲ, ಎತ್ತರದ ಮೇಲೆ. 1 ಮೀಟರಿಗಿಂತ ಕಡಿಮೆ ಇದ್ದರೆ ಉಚಿತ, 1ರಿಂದ 1.4 ಮೀಟರ್ ತನಕ ರಿಯಾಯಿತಿ. ಮನೆಯಲ್ಲೇ ಮಗುವನ್ನು ಗೋಡೆಗೆ ನಿಲ್ಲಿಸಿ ಪೆನ್ಸಿಲ್ ಗುರುತು ಹಾಕಿ ಅಳೆದುಕೊಂಡರೆ ಲೆಕ್ಕ ಮೊದಲೇ ಗೊತ್ತಾಗುತ್ತದೆ.

ಈ ಟಿಕೆಟ್‌ನಲ್ಲಿ ಕೇಬಲ್ ಕಾರ್, ಸೇತುವೆ, ಉದ್ಯಾನಗಳು, ಪಾರ್ಕಿನ ಹೆಚ್ಚಿನ ಆಟಗಳೆಲ್ಲ ಸೇರಿವೆ. ಮೇಣದ ಬೊಂಬೆಗಳ ಮ್ಯೂಸಿಯಂ, ಬಹುಮಾನದ ಆಟಗಳಿಗೆ ಬೇರೆ. ಮೇಣದ ಬೊಂಬೆ ಬಿಟ್ಟರೆ ನಷ್ಟವೇನಿಲ್ಲ. ಟಿಕೆಟ್ ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಬೆಳಗ್ಗೆ ಕೌಂಟರಿನ ಸಾಲು ಉಳಿಯುತ್ತದೆ.

ಕಾರಿಗೆ ಗ್ರ್ಯಾಬ್ ಆ್ಯಪ್ ಸಾಕು. ಆದರೆ ಹಿಂತಿರುಗುವಾಗ ಬೆಟ್ಟದ ಬುಡದಲ್ಲಿ ಕಾರಿಗಾಗಿ ನೂರಾರು ಜನ ಕಾಯುತ್ತಿರುತ್ತಾರೆ. ಹೋಟೆಲಿನವರಿಗೆ ಹೇಳಿ ಹೋಗಿಬರುವ ಕಾರು ಮಾತಾಡಿ. ಕಾಯುವ ಸಮಯ ಎಷ್ಟು, ಒಟ್ಟು ಎಷ್ಟು ಎಂದು ಕಾಗದದ ಮೇಲೆ ಅಂಕಿ ಬರೆಸಿಕೊಳ್ಳಿ, ಬಾಯಿಮಾತಲ್ಲಿ ಸೊನ್ನೆ ತಪ್ಪುತ್ತದೆ.

ಹೊಟ್ಟೆಯ ವ್ಯವಸ್ಥೆ

ಮೀನು ತಿನ್ನುವ ಕಾರವಾರ, ಅಂಕೋಲಾದವರಿಗೆ ಅಲ್ಲಿ ಅರ್ಧ ತಮ್ಮ ಮನೆಯೇ ಸಿಕ್ಕಂತೆ. ಅನ್ನ, ಮೀನು, ಸೀಗಡಿ, ಕಡಲ ಗಾಳಿ. ಕಷ್ಟ ಇರುವುದು ನಮ್ಮಂಥವರಿಗೆ. ಬರೀ ಸೊಪ್ಪಿನ ಪಲ್ಯದಂತೆ ಕಂಡರೂ ಅದರಲ್ಲಿ ಮೀನಿನ ಸಾಸ್ ಇರುತ್ತದೆ. ಅದಕ್ಕೆ ಅವರು ‘ನೂಕ್ ಮಾಮ್’ ಎನ್ನುತ್ತಾರೆ, ನಾವು ಉಪ್ಪು ಹಾಕಿದ ಹಾಗೆ ಹಾಕುತ್ತಾರೆ.

ಕಲಿಯಬೇಕಾದ ಮಾತು ಒಂದೇ: ‘ಆನ್ ಚಾಯ್’. ಬೌದ್ಧರ ಸಸ್ಯಾಹಾರ ಎಂದರ್ಥ. ಬೋರ್ಡಿನ ಮೇಲೆ ‘ಚಾಯ್’ ಎಂದಿರುವ ಹೋಟೆಲಿನಲ್ಲಿ ಮಾಂಸ, ಮೀನು, ಮೀನಿನ ಸಾಸ್ ಯಾವುದೂ ಇರುವುದಿಲ್ಲ. ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ-ಹುಣ್ಣಿಮೆಗೆ, ಅನೇಕರು ಚಾಯ್ ಊಟವನ್ನೇ ಮಾಡುತ್ತಾರೆ. ‘ಇವರಿಗೂ ತಿಥಿ ಉಂಟಲೇ’ ಎಂದು ಆಯಿಗೆ ಆ ದೇಶದ ಮೇಲೆ ವಿಶ್ವಾಸ ಬಂದದ್ದು ಆಗಲೇ.

ಬೆಟ್ಟದ ಮೇಲೆ ದೊಡ್ಡ ಬಫೆ ಹೋಟೆಲುಗಳಿವೆ, ಭಾರತೀಯ ಅಡುಗೆಯೂ ಸಿಗುತ್ತದೆ. ಟಿಕೆಟ್ ಜತೆಗೇ ಊಟ ಸೇರಿಸಿಕೊಳ್ಳುವ ಅವಕಾಶವಿದೆ. ಚಿಕ್ಕ ಮಕ್ಕಳು, ಮುದುಕರು ಇದ್ದರೆ ಸೇರಿಸಿಕೊಳ್ಳುವುದೇ ಒಳ್ಳೆಯದು, ಕೂರಲು ಜಾಗವಾದರೂ ಸಿಗುತ್ತದೆ. ಊಟಕ್ಕೆ ಹನ್ನೊಂದಕ್ಕೇ ಹೋಗಿ. ಹನ್ನೆರಡರಿಂದ ಒಂದೂವರೆ ತನಕ ತಟ್ಟೆ ಹಿಡಿದು ನಿಲ್ಲಬೇಕಾಗುತ್ತದೆ. ಮನೆಯ ಊಟದ ಡಬ್ಬಿ ಒಳಗೆ ಬಿಡುತ್ತಾರೆ ಎಂದು ನಂಬಿಕೊಂಡು ಹೋಗಬೇಡಿ. ಬೆಳಗಿನ ತಿಂಡಿಗೆ ನಾವು ಹೋಟೆಲ್ ಕೋಣೆಯಲ್ಲೇ ಬಿಸಿನೀರು ಹಾಕಿ ಅವಲಕ್ಕಿ ಕಲೆಸಿಕೊಂಡೆವು. ಚಟ್ನಿಪುಡಿ, ತೊಡೆದೇವು ಊರಿನಿಂದ ಬಂದದ್ದು. ತೊಡೆದೇವು ಗಟ್ಟಿ ಡಬ್ಬಿಯಲ್ಲಿಡಿ, ನಮ್ಮದು ಅರ್ಧ ಪುಡಿಯಾಯಿತು.

ಆ ದಿನ

ಆರೂವರೆಗೆ ಹೋಟೆಲ್ ಬಿಡಿ. ದಾರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಏಳೂವರೆಗೆ ಗೇಟಿನ ಮುಂದಿರಬೇಕು, ಕಾರಣ ಇಷ್ಟೇ: ಗುಂಪು ಪ್ರವಾಸದ ಬಸ್ಸುಗಳು ಒಂಬತ್ತರ ಮೇಲೆ ಬರುತ್ತವೆ. ಅಷ್ಟರೊಳಗೆ ಸೇತುವೆ ನಿಮ್ಮದಾಗಿರಬೇಕು.

ಕಾಲಿಗೆ ಹಿಡಿತವಿರುವ ಬೂಟು, ಸಣ್ಣ ಚೀಲದಲ್ಲಿ ತೆಳು ಸ್ವೆಟರು, ಒಬ್ಬೊಬ್ಬರಿಗೆ ಒಂದೊಂದು ಮಡಿಸುವ ರೇನ್‌ಕೋಟು. ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಮಂಡಿನೋವಿನವರಿಗೆ ಮಂಡಿಪಟ್ಟಿ ಮತ್ತು ಕೋಲು. ವಾಂತಿಯ ಸ್ವಭಾವ ಇರುವವರು ಅರ್ಧ ತಾಸು ಮುಂಚೆ ಮಾತ್ರೆ ತೆಗೆದುಕೊಳ್ಳಲಿ, ಇಲ್ಲವಾದರೆ ಶುಂಠಿಯ ಚೂರು.

ಗೇಟಿನಿಂದ ಕೇಬಲ್ ಕಾರ್ ತನಕ ನಡಿಗೆ ಸ್ವಲ್ಪ ಹೆಚ್ಚೇ. ಎಸ್ಕಲೇಟರ್ ಇದೆ, ಆದರೂ ಆಯಿಗೆ ಎರಡು ಸಲ ಕೂರಬೇಕಾಯಿತು. ಒಂದಕ್ಕಿಂತ ಹೆಚ್ಚು ಕೇಬಲ್ ಮಾರ್ಗಗಳಿವೆ. ಕೆಲವು ನೇರ ತುದಿಗೆ ಹೋಗುತ್ತವೆ, ಕೆಲವು ಸೇತುವೆಯ ಮಟ್ಟಕ್ಕೆ. ನಿಮಗೆ ಬೇಕಾದದ್ದು ಮಾರ್ಸೇಲ್ ನಿಲ್ದಾಣಕ್ಕೆ ಹೋಗುವುದು, ಸೇತುವೆ ಅಲ್ಲೇ ಪಕ್ಕದಲ್ಲಿ. ಸಿಬ್ಬಂದಿಗೆ ‘ಗೋಲ್ಡನ್ ಬ್ರಿಡ್ಜ್’ ಎಂದು ಕೇಳಿಯೇ ಹತ್ತಿ. ಆಮೇಲೆ ಅಲ್ಲಿಂದ ಬೋರ್ಡೋ ನಿಲ್ದಾಣದ ಕಾರು ಹಿಡಿದು ತುದಿಗೆ ಹೋಗುವುದು. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆಂದು ಮೈಲುತುತ್ತ, ಸುಣ್ಣ ಕಲೆಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗಳಿಗೆ ಹೊಡೆಸುವ ನಮಗೆ ‘ಬೋರ್ಡೋ’ ಎಂಬ ಹೆಸರು ಎಲ್ಲಿ ಕಂಡರೂ ಮರೆಯುವುದಿಲ್ಲ. ನಿಲ್ದಾಣದ ಹೆಸರು ನೆನಪಿಡುವುದಕ್ಕೆ ಇಷ್ಟು ಸಾಕು.

ಕೇಬಲ್ ಕಾರೇ ಒಂದು ನೋಟ. 2013ರಲ್ಲಿ ಶುರುವಾದ ಮಾರ್ಗವೊಂದರ ಉದ್ದ 5,801 ಮೀಟರ್, ಅದು ಏರುವ ಎತ್ತರ 1,368 ಮೀಟರ್. ನಮ್ಮ ಜೋಗ 253 ಮೀಟರ್. ಐದು ಜೋಗ ಒಂದರ ಮೇಲೊಂದು ನಿಲ್ಲಿಸಿದರೂ ಇನ್ನೂ ನೂರು ಮೀಟರ್ ಮಿಗುತ್ತದೆ. ಕೆಳಗೆ ದಟ್ಟ ಕಾಡು, ನಡುವೆ ಬಂಡೆ, ಬಂಡೆಯ ಮೇಲೆ ಬಿಳಿ ದಾರದಂಥ ಝರಿ. ಸಹ್ಯಾದ್ರಿಯ ಕಾಡನ್ನು ನಾವು ಯಾವಾಗಲೂ ಕೆಳಗಿನಿಂದ, ಮರದ ಬುಡದಿಂದ ನೋಡಿದವರು. ಇಲ್ಲಿ ಮರಗಳ ನೆತ್ತಿ ಕಾಣುತ್ತದೆ. ಎಲೆಯ ಹಸಿರಿನಲ್ಲಿ ಎಷ್ಟು ಬಗೆ ಇದೆ ಎಂದು ನನಗೆ ತಿಳಿದದ್ದು ಆ ಹದಿನೇಳು ನಿಮಿಷದಲ್ಲಿ. ಹತ್ತುವಾಗ ಘಟ್ಟದಲ್ಲಾಗುವಂತೆ ಕಿವಿ ಮುಚ್ಚುತ್ತದೆ, ಮಕ್ಕಳ ಬಾಯಿಗೊಂದು ಪೆಪ್ಪರ್‌ಮಿಂಟ್ ಹಾಕಿ. ಹೆದರುವವರು ಹೋಗುವ ದಿಕ್ಕಿಗೆ ಮುಖ ಮಾಡಿ ಕೂತರೆ ಕಡಿಮೆ ಹೆದರಿಕೆ.

ಸೇತುವೆ

ನಾವು ಮಾರ್ಸೇಲಿನಲ್ಲಿ ಇಳಿದಾಗ ಎಂಟೂಕಾಲು. ಹೊರಗೆ ಏನೂ ಇಲ್ಲ. ಬಿಳಿ, ಬರೀ ಬಿಳಿ. ಸೇತುವೆಯ ಕಟಕಟೆ ಕೈಗೆ ಸಿಗುತ್ತಿತ್ತು, ಹತ್ತು ಹೆಜ್ಜೆ ಮುಂದಿದ್ದ ಮಗಳ ಕೆಂಪು ರೇನ್‌ಕೋಟು ಕಾಣುತ್ತಿರಲಿಲ್ಲ. ನಮ್ಮ ಜತೆ ಬಂದ ಕೆಲವರು ಎರಡು ಫೋಟೋ ಹೊಡೆದು, ಬೇಸರಪಟ್ಟು ಮೇಲಿನ ಕೇಬಲ್ ಕಾರಿಗೆ ಹೊರಟರು. ನಾನೂ ಹೊರಡೋಣ ಎಂದೆ. ಆಯಿ ಕಟಕಟೆ ಹಿಡಿದು ನಿಂತು, ಮುಖದ ಮೇಲಿನ ಹನಿ ಸೆರಗಿನಲ್ಲಿ ಒರೆಸಿಕೊಂಡು, ‘ಗಾಳಿ ಕೆಳಗಿಂದ ಬತ್ತಾ ಇದ್ದು, ತಡಿ’ ಎಂದಳು.

ಇಪ್ಪತ್ತೈದು ನಿಮಿಷ ಕಾದೆವು. ಮೊದಲು ಕಂಡದ್ದು ಒಂದು ಬೆರಳು. ಪಾಚಿಯ ಬಣ್ಣ, ಗೆಣ್ಣಿನ ಹತ್ತಿರ ಸೀಳು, ಸೀಳಿನೊಳಗೆ ಕಪ್ಪು. ಆಮೇಲೆ ಇನ್ನೆರಡು ಬೆರಳು, ಅಂಗೈ, ಕೊನೆಗೆ ಸೇತುವೆಯ ಬಾಗು ಪೂರ್ತಿ. ಅದರಾಚೆ ಬೆಟ್ಟದ ಸಾಲು. ಸಾವಿರ ವರ್ಷದ ಹಿಂದೆ ಯಾರೋ ಕಲ್ಲಿನಲ್ಲಿ ಕಡೆದದ್ದು ಎನ್ನಿಸುತ್ತದೆ, ಆದರೆ ಅದು ತಂತಿಬಲೆಯ ಮೇಲೆ ಫೈಬರ್‌ಗ್ಲಾಸ್ ಹೊದಿಸಿ, ಹಳೆಯ ಕಲ್ಲಿನಂತೆ ಬಣ್ಣ ಬಳಿದದ್ದು. ಸೇತುವೆಯ ಉದ್ದ ಸುಮಾರು 150 ಮೀಟರ್. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ. ಅದನ್ನು ಮಲಗಿಸಿದರೆ ಈ ಸೇತುವೆಗಿಂತ ಸ್ವಲ್ಪ ಗಿಡ್ಡ.

ಇಲ್ಲಿ ಮಾಡಬೇಕಾದದ್ದು: ಮಂಜಿದ್ದರೆ ಅರ್ಧ ತಾಸು ಕಾಯಿರಿ. ತೆರೆಯಲೇ ಇಲ್ಲವಾದರೆ ಮೇಲೆ ಹೋಗಿ ಒಳಗಿನ ಆಟ ಮುಗಿಸಿ, ನಾಲ್ಕರ ಮೇಲೆ ಇಳಿಯುವಾಗ ಮತ್ತೆ ಇಲ್ಲಿ ಬನ್ನಿ. ಗುಂಪುಗಳು ಅಷ್ಟರಲ್ಲಿ ಕರಗಿರುತ್ತವೆ. ಎರಡೂ ಕೈ ಒಟ್ಟಿಗೆ ಬರುವ ಫೋಟೋ ಸೇತುವೆಯ ಮೇಲೆ ನಿಂತರೆ ಸಿಗುವುದಿಲ್ಲ. ಸೇತುವೆ ದಾಟಿ ತಿರುಗಿ ನೋಡಿ, ಬಾಗಿನ ತುದಿಯಿಂದ ತೆಗೆಯಬೇಕು. ನೆಲ ಮರದ ಹಲಗೆಯದು, ಒದ್ದೆಯಾದರೆ ಜಾರುತ್ತದೆ. ಮಕ್ಕಳನ್ನು ಓಡಲು ಬಿಡಬೇಡಿ.

ಉದ್ಯಾನ, ಪಗೋಡ

ಸೇತುವೆಯ ಪಕ್ಕಕ್ಕೇ ಹೂತೋಟ. ಅಚ್ಚುಕಟ್ಟಾಗಿದೆ, ಆದರೆ ಮೆಟ್ಟಿಲು ಹೆಚ್ಚು. ಮಂಡಿನೋವಿನವರು ಒಂದು ಸುತ್ತು ಮೇಲಿನಿಂದ ನೋಡಿದರೆ ಸಾಕು. ಇಲ್ಲೇ 1923ರಲ್ಲಿ ಫ್ರೆಂಚರು ಬೆಟ್ಟ ಕೊರೆದು ಮಾಡಿದ ವೈನ್ ನೆಲಮಾಳಿಗೆ ಇದೆ. ಫ್ರೆಂಚರ ಕಾಲದ್ದಾಗಿ ನಿಜವಾಗಿ ಉಳಿದಿರುವ ಕೆಲವೇ ಸಂಗತಿಗಳಲ್ಲಿ ಇದೊಂದು. ವೈನ್ ಬೇಡದವರೂ ಒಳಗೆ ಹೋಗಿ ಬನ್ನಿ, ಕಲ್ಲಿನ ತಂಪು ಹೊಗೆಯಾಡಿದ ಹಳೆ ಅಟ್ಟದ ನೆನಪು ತರುತ್ತದೆ.

ಲಿನ್ ಉಂಗ್ ಪಗೋಡದಲ್ಲಿ ಕುಳಿತ ಬುದ್ಧನ ಬಿಳಿ ಮೂರ್ತಿ 27 ಮೀಟರ್ ಎತ್ತರ. ಈ ಭಾಗದಲ್ಲಿ ಹಳಿಯ ಮೇಲೆ ಏರುವ ಸಣ್ಣ ಬಂಡಿ, ಫ್ಯುನಿಕ್ಯುಲರ್, ಓಡುತ್ತದೆ. ಆಯಿಯನ್ನು ಕಾಪಾಡಿದ್ದು ಅದೇ. ಮೂರ್ತಿಯ ಎದುರು ಅವಳು ಚಪ್ಪಲಿ ಬಿಟ್ಟು ಹತ್ತು ನಿಮಿಷ ಸುಮ್ಮನೆ ಕೂತಳು. ಇಡೀ ದಿನದಲ್ಲಿ ಗದ್ದಲವಿಲ್ಲದ ಜಾಗ ಇದೊಂದೇ, ಅವಸರ ಮಾಡಬೇಡಿ.

ತುದಿ: ಫ್ರೆಂಚ್ ಹಳ್ಳಿ, ಪಾರ್ಕು

ಬೋರ್ಡೋದಿಂದ ಹತ್ತಿ ಇಳಿದರೆ ಕಲ್ಲುಹಾಸಿನ ಚೌಕ, ಚರ್ಚು, ಚೂಪು ಗೋಪುರದ ಕಟ್ಟಡಗಳು. ಬೀದಿಯಲ್ಲಿ ಕುಣಿತ, ಮೆರವಣಿಗೆ ನಡೆಯುತ್ತಿರುತ್ತದೆ. ಅರ್ಧ ಗಂಟೆ ಸಾಕು.

ಮಕ್ಕಳಿಗೆ ನಿಜವಾದ ಹಬ್ಬ ಎರಡು ಕಡೆ. ಮೊದಲನೆಯದು ಆಲ್ಪೈನ್ ಕೋಸ್ಟರ್. ಇಬ್ಬರು ಕೂರುವ ಗಾಡಿ, ಬೆಟ್ಟದ ಓರೆಯಲ್ಲಿ ಹಳಿಯ ಮೇಲೆ ಜಾರುತ್ತದೆ, ವೇಗ ನಿಮ್ಮ ಕೈಯಲ್ಲಿರುವ ಸನ್ನೆಯಲ್ಲಿ. ಮುಂದೆ ದೂಡಿದರೆ ಓಟ, ಹಿಂದೆ ಎಳೆದರೆ ಬ್ರೇಕು. ಸಾಲು ಬೆಳೆಯುವುದು ಇಲ್ಲೇ, ಆದ್ದರಿಂದ ಮೇಲೆ ಬಂದ ಕೂಡಲೇ ಮೊದಲು ಇಲ್ಲಿಗೆ ಹೋಗಿ. ಮಳೆ ಬಂದರೆ ನಿಲ್ಲಿಸಿಬಿಡುತ್ತಾರೆ. ಮಗುವನ್ನು ಮುಂದೆ ಕೂರಿಸಿ, ಸನ್ನೆ ದೊಡ್ಡವರ ಕೈಯಲ್ಲೇ ಇರಲಿ. ಎದುರಿನ ಗಾಡಿಗೆ ಅಂತರ ಬಿಡಿ. ಮೊಬೈಲು, ಕನ್ನಡಕ ಜೇಬಿನೊಳಗೆ, ಜೇಬಿಗೆ ಜಿಪ್ ಇರಬೇಕು.

ಎರಡನೆಯದು ಫ್ಯಾಂಟಸಿ ಪಾರ್ಕ್. ಇದು ಪೂರ್ತಿ ಕಟ್ಟಡದ ಒಳಗಿದೆ, ಮೂರು ಅಂತಸ್ತು. ಮಳೆ, ಮಂಜು ಏನಿದ್ದರೂ ನಡೆಯುತ್ತದೆ. ಆದ್ದರಿಂದಲೇ ಇದನ್ನು ಮಂಜಿನ ಹೊತ್ತಿಗೆ ಉಳಿಸಿಕೊಳ್ಳಿ ಎನ್ನುವುದು. ಬೆಳಕಿದ್ದಾಗ ಒಳಗೆ ಹೊಕ್ಕು, ಹೊರಬರುವಷ್ಟರಲ್ಲಿ ಬೆಟ್ಟ ಮುಚ್ಚಿಹೋದವರನ್ನು ಕಣ್ಣಾರೆ ಕಂಡೆವು. ಒಳಗೆ 29 ಮೀಟರ್ ಎತ್ತರದಿಂದ ಬೀಳಿಸುವ ಗೋಪುರವಿದೆ. ಊಟವಾದ ಕೂಡಲೇ ಅದಕ್ಕೆ ಹತ್ತಬೇಡಿ. ಡಿಕ್ಕಿ ಕಾರು, ಸಣ್ಣ ಮಕ್ಕಳ ಚಕ್ರಗಳು ಕೆಳ ಅಂತಸ್ತಿನಲ್ಲಿ. ಗದ್ದಲ ವಿಪರೀತ. ಮಗು ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು ಎಂದು ಬಾಗಿಲಲ್ಲೇ ಒಂದು ಗುರುತು ತೋರಿಸಿಡಿ, ಹೋಟೆಲಿನ ಕಾರ್ಡೂ ನಿಮ್ಮ ನಂಬರೂ ಅದರ ಜೇಬಿಗೆ ಹಾಕಿ.

ಹೆಂಡತಿ-ಮಗಳು ಆಟದಲ್ಲಿದ್ದಾಗ ನಾನು ಆಯಿಯ ಜತೆ ನಿಧಾನವಾಗಿ ಶಿಖರದ ಗುಡಿಗೆ ಹೋದೆ. ಬೆಟ್ಟ-ಕಾಡುಗಳ ಒಡತಿಯಾದ ದೇವಿಯೊಬ್ಬಳನ್ನು ವಿಯೆಟ್ನಾಮಿಗರು ಇಲ್ಲಿ ಪೂಜಿಸುತ್ತಾರೆ. ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಚೌಡಿ ಇರುವ ಹಾಗೆ. ಗುಡಿಗೆ ಮೆಟ್ಟಿಲಿದೆ, ಕಟ್ಟೆಯ ಮೇಲೆ ಕೂತು ಕೂತು ಹತ್ತಿದರೆ ಆಗುತ್ತದೆ. ಆಯಿ ಚೀಲದಿಂದ ಒಂದು ಅಡಿಕೆ ತೆಗೆದು ಮೆಟ್ಟಿಲ ಬದಿಗಿಟ್ಟಳು.

ಇಳಿಯುವುದು

ನಾಲ್ಕೂವರೆಯೊಳಗೆ ಇಳಿಯುವ ಸಾಲಿಗೆ ಸೇರಿ. ಐದೂವರೆ ಮೇಲೆ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ, ದಣಿದ ಮಕ್ಕಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುವುದು ಹತ್ತಿದ್ದಕ್ಕಿಂತ ಕಷ್ಟ. ಇಳಿಯುವಾಗ ಯಾವ ಮಾರ್ಗ ಕೆಳಗೆ ಯಾವ ನಿಲ್ದಾಣಕ್ಕೆ ಮುಟ್ಟಿಸುತ್ತದೆ ಎಂದು ಕೇಳಿಕೊಳ್ಳಿ, ನಿಮ್ಮ ಕಾರು ಕಾಯುವ ಜಾಗಕ್ಕೆ ಹತ್ತಿರದ್ದು ಹಿಡಿಯಿರಿ. ಚಾಲಕನಿಗೆ ಕಾರು ನಿಲ್ಲಿಸಿದ ಜಾಗದ ಫೋಟೋ ಬೆಳಗ್ಗೆಯೇ ತೆಗೆದಿಟ್ಟುಕೊಂಡು ತೋರಿಸಿದರೆ ಭಾಷೆ ಬೇಕಾಗುವುದಿಲ್ಲ.

ಶನಿವಾರ, ಭಾನುವಾರ ಡನಾಂಗಿನಲ್ಲಿದ್ದರೆ ರಾತ್ರಿ ಒಂಬತ್ತಕ್ಕೆ ಹಾನ್ ನದಿಯ ಡ್ರ್ಯಾಗನ್ ಸೇತುವೆ ಬಾಯಿಂದ ಬೆಂಕಿ ಉಗುಳುತ್ತದೆ. 666 ಮೀಟರ್ ಉದ್ದದ ಉಕ್ಕಿನ ಸರ್ಪ, 2013ರಲ್ಲಿ ತೆರೆದದ್ದು. ಬೆಟ್ಟದ ದಿನವೇ ಅದನ್ನೂ ತುರುಕಬೇಡಿ, ಬೇರೆ ರಾತ್ರಿ ನೋಡಿ. ಗೋಕರ್ಣಕ್ಕೆ ನಡೆದುಕೊಳ್ಳುವ ಹಿರಿಯರು ಜತೆಗಿದ್ದರೆ ಮಾರನೆಯ ದಿನ ಮಿ ಸನ್‌ಗೆ ಕರೆದೊಯ್ಯಿರಿ. ಚಾಮ್ ಅರಸರು 4ರಿಂದ 13ನೇ ಶತಮಾನದ ತನಕ ಕಟ್ಟಿಸಿದ ಇಟ್ಟಿಗೆಯ ಗುಡಿಗಳು, ಹೆಚ್ಚಿನವು ಶಿವನವು. ಅಮೆರಿಕದ ಬಾಂಬಿಗೆ ಎಷ್ಟೋ ಉರುಳಿವೆ. ಉಳಿದದ್ದನ್ನು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊನೆಗೊಂದು, ಕವಳ ಹಾಕುವವರಿಗೆ. ವಿಯೆಟ್ನಾಮಿನಲ್ಲೂ ವೀಳ್ಯದೆಲೆ, ಅಡಿಕೆ ಇದೆ. ಮದುವೆ ಮಾತುಕತೆಗೆ, ದೇವರ ಮುಂದೆ ಇಡುವುದಕ್ಕೆ ಅದೇ. ಮಾತು ಶುರುವಾಗುವುದೇ ಕವಳದಿಂದ ಎಂದು ಅವರಲ್ಲೊಂದು ಗಾದೆಯೂ ಇದೆ. ಬೆಟ್ಟದಿಂದ ಇಳಿದ ಮಾರನೆಯ ಬೆಳಗ್ಗೆ ಡನಾಂಗಿನ ಸಂತೆಯಲ್ಲಿ ಮುದುಕಿಯೊಬ್ಬಳು ಹಸಿ ಅಡಿಕೆಯನ್ನು ಕೊನೆಸಮೇತ ಇಟ್ಟುಕೊಂಡು ಕೂತಿದ್ದಳು. ಅವರು ಒಣಗಿಸಿ ಬೇಯಿಸುವ ಗೊಡವೆಗೆ ಹೋಗದೆ, ಹಸಿರು ಕಾಯನ್ನೇ ಸೀಳಿ ಸುಣ್ಣ ಸವರಿದ ಎಲೆಯ ಜತೆ ಜಗಿಯುತ್ತಾರೆ. ಆಯಿ ಒಂದು ಕಾಯಿ ಕೈಗೆತ್ತಿಕೊಂಡು ಉಗುರಿನಿಂದ ಸಿಪ್ಪೆ ಒತ್ತಿ ನೋಡಿ, ‘ಇನ್ನೂ ಒಂದು ತಿಂಗಳು ಬಿಡಕಾಗಿತ್ತು’ ಎಂದಳು. ಆ ಮುದುಕಿಗೆ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಎಲೆಗೆ ಸುಣ್ಣ ಸವರಿ, ಮಡಿಸಿ, ದುಡ್ಡು ತೆಗೆದುಕೊಳ್ಳದೆ ಕೊಟ್ಟಳು.